ಹೆದ್ದಾರಿ 52 ಮುಗಿಯುವಲ್ಲೊಂದು ಬಂದರು: ಕೇಣಿಯಿಂದ ನಮ್ಮ ಮೂರು ಜಿಲ್ಲೆಗಳಿಗೆ ಬರುವುದೇನು?

ವಿಜಯಪುರದಿಂದ ಹುಬ್ಬಳ್ಳಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 52 ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟುತ್ತದೆ. ಗದ್ದನಕೇರಿ ಕ್ರಾಸ್, ಕೆರೂರು, ನರಗುಂದ, ನವಲಗುಂದ ಹಿಡಿದು ಹುಬ್ಬಳ್ಳಿ ಸೇರಿ, ಕಲಘಟಗಿ, ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದು ಅಂಕೋಲೆಯಲ್ಲಿ ಮುಗಿಯುತ್ತದೆ. ಆ ಕೊನೆಯ ತಿರುವಿನಿಂದ ಕೇಣಿಯ ದಂಡೆ ಕೂಗಳತೆಯಲ್ಲಿದೆ. ಅಲ್ಲಿ ಹೊಸ ಬಂದರು ಬರುತ್ತದೆಂಬ ಸುದ್ದಿ ಎರಡು ವರ್ಷಗಳಿಂದ ಬಯಲುಸೀಮೆಯ ಪತ್ರಿಕೆಗಳಲ್ಲೂ ಓಡಾಡುತ್ತಿದೆ. ಒಂದು ದಿನ 'ಉತ್ತರ ಕರ್ನಾಟಕಕ್ಕೆ ಸಮುದ್ರದ ಬಾಗಿಲು' ಎಂಬ ಮಾತು ಬರುತ್ತದೆ, ಮರುದಿನ ಮೀನುಗಾರರು ಬೀದಿಗಿಳಿದ ಚಿತ್ರ. ಪಕ್ಕದಲ್ಲೇ ಕಾರವಾರ ಬಂದರು ಇರುವಾಗ ಇದು ಯಾಕೆ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ನಮ್ಮ ಸಕ್ಕರೆ, ದ್ರಾಕ್ಷಿಗೆ ಇದರಿಂದ ಏನು ಲಾಭ ಎಂಬ ಪ್ರಶ್ನೆಗಳಿಗೆ ಮಾತ್ರ ಸ್ಪಷ್ಟ ಉತ್ತರ ಸಿಗುತ್ತಿಲ್ಲ.

ಯೋಜನೆಯ ಮೂಲ ಸಂಗತಿ ಇಷ್ಟು. ಕೇಣಿಯಲ್ಲಿ ಖಾಸಗಿ ಸಹಭಾಗಿತ್ವದ ಬಂದರು ಕಟ್ಟುವ ಗುತ್ತಿಗೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಕೊಟ್ಟಿತು. ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಕೇಪ್‌ಸೈಜ್ ಎಂದು ಕರೆಯುವ ಅತಿ ದೊಡ್ಡ ಹಡಗುಗಳು ಇಲ್ಲಿಗೆ ಬರಬೇಕು ಎಂಬುದು ಗುರಿ. ಈ ಕೊನೆಯ ಮಾತಿನಲ್ಲೇ ಉಳಿದ ಪ್ರಶ್ನೆಗಳ ಉತ್ತರ ಅಡಗಿದೆ.

ಕಾರವಾರ ಇರುವಾಗ ಕೇಣಿ ಯಾಕೆ?

ಕಾರವಾರ ನಿಸರ್ಗವೇ ಕಟ್ಟಿಕೊಟ್ಟ ಬಂದರು. ಬೈತಖೋಲದ ಗುಡ್ಡ ಕಡಲಿಗೆ ಚಾಚಿ ನೈಋತ್ಯದ ಅಲೆಗೆ ಬೆನ್ನು ಕೊಟ್ಟು ನಿಂತಿದೆ. ಹೊರಗೆ ದೇವಗಡ, ಕೂರ್ಮಗಡದಂಥ ನಡುಗಡ್ಡೆಗಳು ಅಲೆಯ ರಭಸ ಮುರಿಯುತ್ತವೆ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಳಿದ ಸಣ್ಣ ಬಂದರುಗಳು ಬಾಗಿಲು ಹಾಕಿದರೂ ಕಾರವಾರದಲ್ಲಿ ಹಡಗು ನಿಲ್ಲಬಹುದು.

ಆದರೆ ಆಶ್ರಯ ಬೇರೆ, ಆಳ ಬೇರೆ. ಕಾರವಾರದ ಧಕ್ಕೆಯ (ಹಡಗು ತಾಗಿ ನಿಲ್ಲುವ ಕಟ್ಟೆಯ) ಉದ್ದ ಸುಮಾರು 355 ಮೀಟರ್, ಅಲ್ಲಿನ ನೀರಿನ ಆಳ ಎಂಟೂವರೆ ಮೀಟರಿನ ಆಸುಪಾಸು. ಹತ್ತು–ಹದಿನೈದು ಸಾವಿರ ಟನ್ ಹೊರುವ ಹಡಗಿಗೆ ಅದು ಸಾಕು. ಕೇಪ್‌ಸೈಜ್ ಹಡಗು ಹೊರುವುದು 1,70,000 ಟನ್ನಿಗೂ ಹೆಚ್ಚು. ಅದರ ಉದ್ದ 290 ಮೀಟರಿನಷ್ಟು. ತುಂಬಿದಾಗ ಅದರ ತಳ ನೀರೊಳಗೆ 18 ಮೀಟರ್ ಇಳಿಯುತ್ತದೆ. ಅಲೆಗೆ ಹಡಗು ಏರಿಳಿಯುವುದರಿಂದ ತಳದ ಕೆಳಗೆ ಇನ್ನೆರಡು ಮೀಟರ್ ನೀರು ಬೇಕು. ಎಂದರೆ ಕಾರವಾರದ ಈಗಿನ ಆಳದ ಎರಡು ಪಟ್ಟಿಗೂ ಹೆಚ್ಚು. ಕಾಳಿ ನದಿಯ ಅಳಿವೆ ಅಲ್ಲಿಂದ ಹತ್ತಿರದಲ್ಲೇ ಇದೆ. ಪ್ರತಿ ಮಳೆಗಾಲ ನದಿ ತಂದು ಸುರಿಯುವ ಹೂಳು ಆಳವನ್ನು ಮತ್ತೆ ತಿನ್ನುತ್ತದೆ, ಪ್ರತಿ ವರ್ಷ ಎತ್ತಿ ಹಾಕಬೇಕಾಗುತ್ತದೆ.

ಹಿಗ್ಗಿಸಲು ಜಾಗವೂ ಇಲ್ಲ. ದಕ್ಷಿಣದ ಬಿಣಗಾ, ಅರಗಾ ಕೊಲ್ಲಿಗಳು ಸೀಬರ್ಡ್ ನೌಕಾನೆಲೆಗೆ ಹೋಗಿವೆ. ಹನ್ನೊಂದು ಸಾವಿರ ಎಕರೆಗೂ ಹೆಚ್ಚು ನೆಲ ಆ ಯೋಜನೆಗೆ ಸಂದಿತು, ಕಾರವಾರ–ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬ ಎದ್ದು ಹೋದವು. ಉತ್ತರಕ್ಕೆ ಉಳಿದದ್ದು ರವೀಂದ್ರನಾಥ ಟ್ಯಾಗೋರ್ ಕಡಲತೀರ ಒಂದೇ. ಕೇಂದ್ರದ ಬಂದರು ಅಭಿವೃದ್ಧಿ ಯೋಜನೆಯಾದ ಸಾಗರಮಾಲಾದಡಿ ಆ ತೀರದಲ್ಲಿ ಅಲೆತಡೆ ಗೋಡೆ ಕಟ್ಟಿ ಬಂದರು ವಿಸ್ತರಿಸಲು ಹೊರಟಾಗ, 2020ರ ಜನವರಿಯಲ್ಲಿ ಊರಿಗೆ ಊರೇ ಎದುರು ನಿಂತಿತು. ಕೆಲಸ ನ್ಯಾಯಾಲಯದ ತಡೆಯಾಜ್ಞೆಯಲ್ಲಿ ನಿಂತಿತು.

ಇನ್ನುಳಿದ ಜಾಗಗಳ ಕಥೆಯೂ ಸರಳವಿಲ್ಲ. ತದಡಿಯಲ್ಲಿ ಬಂದರು ಮಾಡುವ ಮಾತು ಬಹಳ ವರ್ಷ ನಡೆಯಿತು. ಆದರೆ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಆಯಿತು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಕಡಲಾಮೆ ಮೊಟ್ಟೆಯಿಡುವ ಮರಳು ದಿಬ್ಬದ ಮೇಲೆಯೇ ತಕರಾರು ನಡೆದಿದೆ. ಬೇಲೆಕೇರಿಯ ಹೆಸರು 2010ರ ಅದಿರು ಕಳ್ಳಸಾಗಣೆಯಿಂದ ಕೆಟ್ಟದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ದೊಡ್ಡ ಹಡಗು ದಂಡೆಗೆ ಬರುತ್ತಲೇ ಇರಲಿಲ್ಲ. ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಬಾರ್ಜ್‌ಗಳು ಅದಿರು ಒಯ್ದು ತುಂಬುತ್ತಿದ್ದವು. ಮಳೆಗಾಲ ಬಂತೆಂದರೆ ಎಲ್ಲ ಬಂದ್. ಇಷ್ಟನ್ನೂ ಬದಿಗಿಟ್ಟ ಮೇಲೆ, ನದಿಯ ದೊಡ್ಡ ಹೂಳಿನಿಂದ ತುಸು ದೂರವಿರುವ, ಹೆದ್ದಾರಿಗೂ ಕೊಂಕಣ ರೈಲಿಗೂ ಹತ್ತಿರವಿರುವ ದಂಡೆ ಎಂದು ಕೇಣಿ ಉಳಿಯಿತು.

ಒಂದು ಹಡಗೆಂದರೆ 44 ರೈಲು

ಬಂದರಿನ ಚರ್ಚೆಯೆಲ್ಲ ಸಮುದ್ರದ ಕಡೆ ಮುಖ ಮಾಡಿ ನಡೆಯುತ್ತದೆ. ನಿಜವಾದ ಇಕ್ಕಟ್ಟು ಇರುವುದು ಬೆನ್ನ ಹಿಂದಿನ ಘಟ್ಟದಲ್ಲಿ. ಇದನ್ನು ಲೆಕ್ಕ ಹಾಕಿಯೇ ನೋಡಬೇಕು.

58 ವ್ಯಾಗನ್ನಿನ ಒಂದು ಕಲ್ಲಿದ್ದಲು ರೇಕು, ಅಂದರೆ ಒಂದು ಪೂರ್ತಿ ಗೂಡ್ಸ್ ಗಾಡಿ, ಸುಮಾರು 3,900 ಟನ್ ಒಯ್ಯುತ್ತದೆ. 1,70,000 ಟನ್ನಿನ ಒಂದು ಹಡಗು ಖಾಲಿಯಾಗಬೇಕಾದರೆ 44 ರೇಕು ಬೇಕು. ವರ್ಷಕ್ಕೆ 3 ಕೋಟಿ ಟನ್ ಎಂದರೆ ದಿನಕ್ಕೆ ಸುಮಾರು 82,000 ಟನ್, ಅಂದರೆ 21 ರೇಕು. ಹೋದ ರೇಕು ತಿರುಗಿ ಬರಬೇಕಲ್ಲ, ಹಾಗಾಗಿ ಹಳಿಯ ಮೇಲೆ ದಿನಕ್ಕೆ 42 ಗಾಡಿ. ಅದೇ ಸರಕನ್ನು 30 ಟನ್ನಿನ ಲಾರಿಯಲ್ಲಿ ಸಾಗಿಸಿದರೆ ತುಂಬಿದ ಲಾರಿ 2,740, ವಾಪಸು ಬರುವವು ಅಷ್ಟೇ. ಹಗಲೂ ರಾತ್ರಿಯೂ 16 ಸೆಕೆಂಡಿಗೊಂದು ಲಾರಿ ಅರಬೈಲ್ ಘಟ್ಟದಲ್ಲಿ ಓಡಾಡಬೇಕು. ಇದು ಬಂದರು ಪೂರ್ಣ ಸಾಮರ್ಥ್ಯದಲ್ಲಿ ನಡೆದಾಗಿನ ಲೆಕ್ಕ. ಅರ್ಧಕ್ಕೆ ನಡೆದರೂ ಆ ರಸ್ತೆ ತಾಳುವುದಿಲ್ಲ. 2021ರ ಮಳೆಗಾಲದಲ್ಲಿ ಅರಬೈಲ್ ಬಳಿ ಗುಡ್ಡ ಜಾರಿ ರಸ್ತೆ ಕಟ್ಟಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡವೇ ಕುಸಿದು ಗಂಗಾವಳಿ ನದಿಗೆ ಬಿತ್ತು, ಜೀವಗಳು ಹೋದವು. ಮೂರು ವಾರದಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಕಡಿದಾದ ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದಾಗ ಮಳೆನೀರು ಇಂಗಿ ಮಣ್ಣು ಸಡಿಲವಾಗುವುದು, ಕಾಲು ಕಿತ್ತ ಗುಡ್ಡ ಕೆಳಗಿಳಿಯುವುದು ಇಲ್ಲಿ ಪ್ರತಿ ವರ್ಷದ ಸಂಗತಿ.

ಹಾಗಾದರೆ ರೈಲು? ಅಂಕೋಲೆಯಲ್ಲಿ ಕೊಂಕಣ ರೈಲು ನಿಲ್ದಾಣ ಇದೆ. ಆದರೆ ಅಂಕೋಲೆಯಿಂದ ನೇರ ಘಟ್ಟ ಹತ್ತುವ ಹಳಿ ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು 1990ರ ದಶಕದಿಂದ ಇದೆ. ಸುಮಾರು 165 ಕಿ.ಮೀ. ಉದ್ದದ ಈ ಮಾರ್ಗಕ್ಕೆ 595 ಹೆಕ್ಟೇರಿನಷ್ಟು ಅರಣ್ಯ ಬೇಕು. ಕಲಘಟಗಿ ಕಡೆಯ ಬಯಲಲ್ಲಿ ಆದ ಕೆಲಸ ಬಿಟ್ಟರೆ ಉಳಿದದ್ದು ಅನುಮತಿ, ಆಕ್ಷೇಪ, ನ್ಯಾಯಾಲಯಗಳ ನಡುವೆ ನಿಂತಿದೆ. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ ಮೇಲೂ ಹಳಿ ಬಿದ್ದಿಲ್ಲ.

ಆ ಹಳಿ ಬರುವ ತನಕ ಕೇಣಿಯಿಂದ ಬಳ್ಳಾರಿ ಕಡೆ ಹೊರಟ ಗೂಡ್ಸ್ ಗಾಡಿ ಕೊಂಕಣ ಮಾರ್ಗದಲ್ಲಿ ಉತ್ತರಕ್ಕೆ ಮಡಗಾಂವ್‌ಗೆ ಹೋಗಿ, ಕುಳೆಯಿಂದ ಕ್ಯಾಸಲ್‌ರಾಕ್ ಹತ್ತಿ, ಲೋಂಡಾ ಮೂಲಕ ಹುಬ್ಬಳ್ಳಿಗೆ ಬರಬೇಕು. ಇಲ್ಲವೆ ದಕ್ಷಿಣಕ್ಕೆ ಮಂಗಳೂರಿನ ತನಕ ಹೋಗಿ ಸಕಲೇಶಪುರ ಘಟ್ಟ ಹತ್ತಬೇಕು. ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ನಿಗೆ ಈ ಚರ್ಚೆ ತಾಗುವುದು ಇಲ್ಲಿ.

ಕುಳೆ–ಕ್ಯಾಸಲ್‌ರಾಕ್ ನಡುವಿನ 26 ಕಿ.ಮೀ. ಘಟ್ಟದ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದಾಗ ಒಂದು ಮೀಟರ್ ಮೇಲೆ. ರಸ್ತೆಗೆ ಇದು ಏನೂ ಅಲ್ಲ, ಕಬ್ಬಿಣದ ಹಳಿಯ ಮೇಲೆ ಉರುಳುವ ಕಬ್ಬಿಣದ ಗಾಲಿಗೆ ದೊಡ್ಡ ಏರು. ಖಾಲಿ ವ್ಯಾಗನ್ನಿನ ತೂಕವನ್ನೂ ಸೇರಿಸಿದರೆ ತುಂಬಿದ ರೇಕು 5,200 ಟನ್ನಿನ ಹತ್ತಿರ ಆಗುತ್ತದೆ. ಅದನ್ನು ಈ ಏರಿನಲ್ಲಿ ಜಾರದಂತೆ ಹಿಡಿಯಲೆಂದೇ 140 ಟನ್ನಿನಷ್ಟು ಎಳೆತ ಬೇಕು. ಒಂದು ಬಲವಾದ ಗೂಡ್ಸ್ ಎಂಜಿನ್ ಹೆಚ್ಚೆಂದರೆ 50 ಟನ್ ಎಳೆತ ಕೊಡುತ್ತದೆ. ಮಳೆಯಲ್ಲಿ ಹಳಿ ತೊಯ್ದು ಗಾಲಿ ಹಿಡಿತ ಬಿಟ್ಟಾಗ ಅಷ್ಟೂ ಸಿಗುವುದಿಲ್ಲ. ಆದ್ದರಿಂದ ಮುಂದಿನ ಎಂಜಿನ್ ಸಾಲದೆ ಹಿಂದಿನಿಂದ ದೂಡಲೂ ಎಂಜಿನ್ ಹಚ್ಚಬೇಕು, ಅವನ್ನು ಮೇಲೆ ಬಿಚ್ಚಿ ಮತ್ತೆ ಕೆಳಗೆ ತರಬೇಕು. ಆ ಹೊತ್ತಿನಲ್ಲೆಲ್ಲ ಒಂಟಿ ಹಳಿ ಕಟ್ಟಿರುತ್ತದೆ. ಮರ್ಮಗೋವಾದಿಂದ ಬರುವ ಕಲ್ಲಿದ್ದಲೂ, ಪ್ರಯಾಣಿಕರ ಗಾಡಿಗಳೂ ಇದೇ ಹಳಿಗೆ ಕಾಯುತ್ತವೆ. ತಿನೈಘಾಟ್–ಕ್ಯಾಸಲ್‌ರಾಕ್–ಕಾರಂಜೋಳ ಜೋಡಿಹಳಿಗೆ ಸಿಕ್ಕಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಕಡಲಲ್ಲಿ 20 ಮೀಟರ್ ಆಳ ತೋಡುವುದು ಹಣದ ಪ್ರಶ್ನೆ. ಈ 26 ಕಿ.ಮೀ.ಗೆ ಹಣವೊಂದೇ ಉತ್ತರವಲ್ಲ.

ಕುಮಟೆಗೆ ಆದದ್ದು

ಇದು ಹೊಸ ತೊಡಕೇನೂ ಅಲ್ಲ. ಹತ್ತೊಂಬತ್ತನೇ ಶತಮಾನದ ನಡುಭಾಗದಲ್ಲಿ ಧಾರವಾಡ, ವಿಜಯಪುರ, ಬೆಳಗಾವಿಯ ಎರೆಹೊಲದ ಹತ್ತಿ ಎತ್ತಿನ ಹೇರು, ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಅಲ್ಲಿಂದ ಪಡಾವುಗಳಲ್ಲಿ ಮುಂಬೈಗೆ. ಹೀಗೆ ನಮ್ಮ ಹೊಲದ ಹತ್ತಿಗೆ ವಿಲಾಯತಿ ಪೇಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಯಿತು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ, ಅಲ್ಲಿ ಹಡಗು ನಿಲ್ಲುವ ಆಸರೆಯೂ ಇರಲಿಲ್ಲ. ಬಯಲು ಕಡಲಲ್ಲಿ ಲಂಗರು ಹಾಕಿ, ಸಣ್ಣ ದೋಣಿಯಲ್ಲಿ ಅಂಡಿಗೆ ಸಾಗಿಸುತ್ತಿದ್ದರು. ಆ ಊರು ಬೆಳೆದದ್ದು ದೇವಿಮನೆ ಘಟ್ಟದ ದಾರಿ ಅಲ್ಲಿಗೆ ಇಳಿಯುತ್ತಿತ್ತು ಎಂಬ ಕಾರಣಕ್ಕೆ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಹತ್ತಿಯ ಬೆಲೆ ಏರಿದಾಗ ಕಾರವಾರವನ್ನು ದೊಡ್ಡ ಬಂದರು ಮಾಡುವ ಉಮೇದು ಹುಟ್ಟಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈಗೆ ಸೇರಿಸಿದ್ದರ ಹಿಂದೆ ಮುಂಬೈಯ ಹತ್ತಿ ವ್ಯಾಪಾರಿಗಳ ಒತ್ತಾಯವೂ ಇತ್ತು. ಬಂದರಿಗೆ ರೈಲು ಮಾತ್ರ ಬರಲಿಲ್ಲ. 1880ರ ದಶಕದ ಕೊನೆಗೆ ಹಳಿ ಲೋಂಡಾ, ಕ್ಯಾಸಲ್‌ರಾಕ್ ಹಾದು ಪೋರ್ಚುಗೀಸರ ಮರ್ಮಗೋವಾಕ್ಕೆ ಹೋಯಿತು. ಹತ್ತಿ ಅದರ ಹಿಂದೆ ಹೋಯಿತು. ಕುಮಟೆಯ ಕಡಲು ಇದ್ದಲ್ಲೇ ಇತ್ತು, ವ್ಯಾಪಾರ ಉಳಿಯಲಿಲ್ಲ. ಬೆಳಗಾವಿಯ ದಂಡಿಗೆ ಅಂಬೋಲಿ ಘಟ್ಟದ ಮೇಲೆ ಸರಕು ಒದಗಿಸುತ್ತಿದ್ದ ವೆಂಗುರ್ಲೆಗೂ ಇದೇ ಗತಿಯಾಯಿತು. ಬೆಳಗಾವಿಯಲ್ಲಿ ಇಂದಿಗೂ ವೆಂಗುರ್ಲಾ ರಸ್ತೆ ಇದೆ, ಆ ರಸ್ತೆಯಲ್ಲಿ ಹಡಗಿನ ಸರಕು ಬರುವುದಿಲ್ಲ.

ನಮ್ಮಲ್ಲಿ ಹಡಗಿಗೆ ಹೋಗುವ ಸರಕು ಯಾವುದು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂದರೆ ಮೊದಲು ಸಕ್ಕರೆ. 50 ಕಿಲೋ ಚೀಲದ ಸಕ್ಕರೆಯನ್ನು ಕಂಟೇನರಿಗೆ ತುಂಬಿದರೆ 20 ಅಡಿಯ ಡಬ್ಬಿಗೆ 25 ಟನ್ನಿನಷ್ಟು ಹಿಡಿಯುತ್ತದೆ. ಸಕ್ಕರೆಗೆ ತೇವ ತಾಗಬಾರದು. ಚೀಲವನ್ನು ನೇರ ಹಡಗಿಗೆ ತುಂಬುವಾಗ ಮಳೆ ಬಂದರೆ ಹಡಗಿನ ಬಾಯಿ ಮುಚ್ಚಿ ಕೆಲಸ ನಿಲ್ಲಿಸಬೇಕು. ಕಲ್ಲಿದ್ದಲಿನ ಕರಿ ಧೂಳು ಹಾರುವ ಧಕ್ಕೆಯ ಪಕ್ಕದಲ್ಲಿ ಯಾರೂ ತಿನ್ನುವ ಸಕ್ಕರೆ ಇಡುವುದಿಲ್ಲ. ಇನ್ನೂ ದೊಡ್ಡ ಅಡ್ಡಿ ನೀತಿಯದು. 2022ರ ಜೂನ್‌ನಿಂದ ಸಕ್ಕರೆ ರಫ್ತು ಕೇಂದ್ರದ ಹಿಡಿತದಲ್ಲಿದೆ, 2024–25ರ ಹಂಗಾಮಿಗೆ ಸಿಕ್ಕ ಅನುಮತಿ ಇಡೀ ದೇಶಕ್ಕೆ 10 ಲಕ್ಷ ಟನ್. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಕುಳಿತ ರೈತರ ಹೋರಾಟದ ಹೊತ್ತಿಗೆ ಈ ರಫ್ತು ಮಿತಿಯ ಮಾತೂ ಬಂದಿತ್ತು. ಬಂದರು ಹತ್ತಿರವಾದ ಮಾತ್ರಕ್ಕೆ ಈ ಮಿತಿ ಸಡಿಲವಾಗುವುದಿಲ್ಲ, ಟನ್ ಕಬ್ಬಿಗೆ ಸಿಗುವ ಬಿಲ್ಲೂ ಏರುವುದಿಲ್ಲ.

ವಿಜಯಪುರದ ದ್ರಾಕ್ಷಿ, ಬಾಗಲಕೋಟೆಯ ದಾಳಿಂಬೆ, ಇಂಡಿಯ ಲಿಂಬೆಗೆ ಬೇಕಾದದ್ದು ತಂಪು ಕಂಟೇನರ್. ಅದಕ್ಕಿಂತ ಹೆಚ್ಚಾಗಿ, ಗೊತ್ತಾದ ದಿನ ಬಂದು ಗೊತ್ತಾದ ದಿನ ಹೊರಡುವ ಕಂಟೇನರ್ ಹಡಗು. ಅಂಥ ಹಡಗು ಮುಂಬೈಯ ನ್ಹಾವಾ ಶೇವಾಕ್ಕೆ ಬರುತ್ತದೆ, ಯಾಕೆಂದರೆ ಅಲ್ಲಿ ಒಂದೇ ದಿನದಲ್ಲಿ ಸಾವಿರಾರು ಡಬ್ಬಿ ಸಿಗುತ್ತವೆ. ಹಂಗಾಮಿನಲ್ಲಿ ಕೆಲವು ನೂರು ಡಬ್ಬಿಗಾಗಿ ಅಂಕೋಲೆಗೆ ತಿರುಗಿ ಬರುವ ಹಡಗು ಕಂಪನಿ ಸದ್ಯಕ್ಕೆ ಕಾಣುವುದಿಲ್ಲ.

ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕವಾದ ಕಾಕಂಬಿಯ ಮಾತು ಬೇರೆ. ಸಕ್ಕರೆ ಕಾರ್ಖಾನೆಗಳ ಕಾಕಂಬಿ ಟ್ಯಾಂಕರಿನಲ್ಲಿ ಕಾರವಾರಕ್ಕೆ ಹೋಗಿ, ಬೈತಖೋಲದ ಟ್ಯಾಂಕುಗಳಲ್ಲಿ ತುಂಬಿ, ಪಂಪಿನಿಂದ ಹಡಗು ಸೇರುತ್ತದೆ. ಗಟ್ಟಿ ದ್ರವವಾದ್ದರಿಂದ ತಂಪಿನಲ್ಲಿ ಪಂಪು ಎಳೆಯುವುದಿಲ್ಲ, ತುಸು ಬಿಸಿ ಮಾಡಬೇಕು. ಇದಕ್ಕೆ ಬರುವ ಹಡಗು ಸಣ್ಣದು, ಕಾರವಾರದ ಆಳ ಅದಕ್ಕೆ ಸಾಲುತ್ತದೆ. ನಮ್ಮ ಜಿಲ್ಲೆಗಳಿಗೆ ಹೊಂದುವ ಬಂದರು ಹುಡುಕಿದರೆ ಕೈಗೆ ಸಿಗುವುದು ಕಾರವಾರವೇ.

ದೊಡ್ಡ ಹಡಗಿನ ಗಿರಾಕಿ ನಮ್ಮಲ್ಲಿ ಇಲ್ಲವೆಂದಲ್ಲ. 2,400 ಮೆಗಾವಾಟ್‌ನ ಕೂಡಗಿ ಉಷ್ಣವಿದ್ಯುತ್ ಸ್ಥಾವರ ಇದೆ, ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಗೂಡುಗಳಿವೆ. ಹೊರದೇಶದ ಕಲ್ಲಿದ್ದಲು ತರಿಸುವಾಗ ದೊಡ್ಡ ಹಡಗಿನ ಟನ್ ಬಾಡಿಗೆ ಕಡಿಮೆ ಬೀಳುತ್ತದೆ. ಆದರೆ ಮುಖ್ಯ ಗಿರಾಕಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ, ಇದೇ ಜೆಎಸ್‌ಡಬ್ಲ್ಯು ಬಳಗದ ಉಕ್ಕಿನ ಕಾರ್ಖಾನೆ. ಅದರ ಕುಲುಮೆಗೆ ಬೇಕಾದ ಕಲ್ಲಿದ್ದಲು ಈಗ ಗೋವಾ ಸೇರಿದಂತೆ ಬೇರೆ ಬಂದರುಗಳಿಂದ ಬರುತ್ತದೆ. ಕೇಣಿಯನ್ನು ಕಲ್ಲಿದ್ದಲು, ಅದಿರಿನ ಬಾಗಿಲು ಎಂದು ನೋಡಿದರೆ ಅದರ ಗಾತ್ರ, ಆಳ, ಜಾಗ ಎಲ್ಲವೂ ಅರ್ಥವಾಗುತ್ತವೆ. ಸಕ್ಕರೆ, ದ್ರಾಕ್ಷಿಯ ಬಾಗಿಲು ಎಂದುಕೊಂಡರೆ ಯಾವುದೂ ಕೂಡಿಬರುವುದಿಲ್ಲ.

ದಂಡೆಯವರು ಯಾಕೆ ಬೇಡ ಎನ್ನುತ್ತಾರೆ?

ಅಂಕೋಲೆ ಪೇಟೆ ಕಡಲಿಗೆ ಅಂಟಿಕೊಂಡಿಲ್ಲ, ತುಸು ಒಳಗಿದೆ. ದಕ್ಷಿಣಕ್ಕೆ ಗಂಗಾವಳಿಯ ಅಳಿವೆ, ಉತ್ತರಕ್ಕೆ ಬೇಲೆಕೇರಿ ಕೊಲ್ಲಿ, ನಡುವೆ ಹಳ್ಳಗಳು ಕಡಲು ಸೇರುವ ತಗ್ಗು, ಗದ್ದೆ, ಉಪ್ಪುನೀರಿನ ನೆಲ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಈ ತಾಲ್ಲೂಕು ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡಿತು. ಹಾಲಕ್ಕಿ ಹೆಂಗಸರು ಬೆಳೆದು ತರುವ ತರಕಾರಿ, 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಕರಿ ಈಶಾಡು ಮಾವು, ಬಂಡಿಹಬ್ಬ, ಮೀನುಪೇಟೆ ಸೇರಿದರೆ ಊರಾಯಿತು. ಹರಿಕಂತ್ರ, ಖಾರ್ವಿ, ಗಾಬಿತ, ಅಂಬಿಗ ಕುಟುಂಬಗಳ ಬದುಕು ದಂಡೆಗೆ ಹತ್ತಿರದ ತೆಳು ನೀರಿನಲ್ಲಿದೆ.

ರಂಪಣಿ ಬಲೆಯನ್ನು ನೋಡಿದರೆ ಇದು ತಿಳಿಯುತ್ತದೆ. ಬಲೆಯ ಒಂದು ತುದಿಯನ್ನು ದಂಡೆಯಲ್ಲೇ ಬಿಟ್ಟು, ದೋಣಿ ಕಡಲೊಳಗೆ ಅರ್ಧಚಂದ್ರಾಕಾರದಲ್ಲಿ ಬಲೆ ಬಿಡುತ್ತ ಹೋಗಿ ದೂರದಲ್ಲಿ ಮತ್ತೆ ದಂಡೆ ಮುಟ್ಟುತ್ತದೆ. ಆಮೇಲೆ ಎರಡೂ ತುದಿಗೆ ಹತ್ತಾರು ಜನ ಕೈ ಹಚ್ಚಿ, ಒಬ್ಬರ ಕಡೆಗೊಬ್ಬರು ಸರಿಯುತ್ತ ಎಳೆಯುತ್ತಾರೆ. ಬಂಗಡೆ, ತಾರ್ಲೆ, ನೊಗಲಿ ಮರಳಿಗೆ ಬಂದು ಬೀಳುತ್ತವೆ, ಎಳೆದವರಿಗೆಲ್ಲ ಪಾಲು. ಇದಕ್ಕೆ ಬೇಕಾದದ್ದು ಕಲ್ಲಿಲ್ಲದ, ಅಡ್ಡಗೋಡೆಯಿಲ್ಲದ ಉದ್ದನೆಯ ಮರಳು ದಂಡೆ. ನಡುವೆ ಒಂದು ಅಲೆತಡೆ ಗೋಡೆ ಎದ್ದರೆ ಬಲೆ ಬಿಡುವ ಜಾಗವೇ ಇಲ್ಲವಾಗುತ್ತದೆ.

ಗೋಡೆಯ ಪರಿಣಾಮ ಅಲ್ಲಿಗೇ ನಿಲ್ಲುವುದಿಲ್ಲ. ಅಲೆ ಓರೆಯಾಗಿ ಬಂದು ಬಡಿಯುವುದರಿಂದ ದಂಡೆಯ ಮರಳು ಸದಾ ಚಲಿಸುತ್ತಿರುತ್ತದೆ. ಗೋಡೆ ಆ ಚಲನೆಯನ್ನು ತಡೆದಾಗ ಒಂದು ಬದಿ ಮರಳು ಗುಡ್ಡೆ ಬೀಳುತ್ತದೆ, ಇನ್ನೊಂದು ಬದಿಗೆ ಹೊಸ ಮರಳು ಬರದೆ ಕಡಲು ದಂಡೆಯನ್ನು ಕೊರೆಯುತ್ತದೆ. ಮಂಗಳೂರಿನ ಉಳ್ಳಾಲದಲ್ಲಿ ಮನೆ, ತೆಂಗು ಕಡಲಿಗೆ ಹೋದದ್ದು ಕಣ್ಣೆದುರಿಗಿದೆ. ಹಳ್ಳದ ಬಾಯಿಗೆ ಮರಳು ಕಟ್ಟಿಕೊಂಡರೆ ಪಾತಿ ದೋಣಿ ಒಳಗೆ ಬರುವುದಿಲ್ಲ, ಮಳೆನೀರು ಹೊರಗೆ ಹೋಗದೆ ಗದ್ದೆಗೆ ನುಗ್ಗುತ್ತದೆ. ಹಡಗಿನ ಕಾಲುವೆಯ ಆಚೀಚೆ ಬಲೆ ಬಿಡಲು ನಿರ್ಬಂಧ ಬೇರೆ. ಸೀಬರ್ಡ್‌ಗೆ ಒಮ್ಮೆ ಕಡಲು ಬಿಟ್ಟುಕೊಟ್ಟವರು ಇವರು. 2025ರ ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ನಡೆದ ಪರಿಸರ ಅಹವಾಲು ಸಭೆಯಲ್ಲಿ ವಿರೋಧ ಗಟ್ಟಿಯಾಗಿ ಕೇಳಿಸಿದ್ದರ ಹಿನ್ನೆಲೆ ಇದು.

ಬಂದರು ಬೇಕೆನ್ನುವವರ ವಾದಕ್ಕೂ ತೂಕವಿದೆ. ಮುನ್ನೂರು ಕಿ.ಮೀ.ಗೂ ಉದ್ದದ ಕರಾವಳಿಯಲ್ಲಿ ರಾಜ್ಯಕ್ಕಿರುವ ದೊಡ್ಡ ಬಂದರು ನವಮಂಗಳೂರು ಒಂದೇ. ನಮ್ಮ ಉಕ್ಕಿನ ಸರಕು ಗೋವಾ, ಆಂಧ್ರದ ಬಂದರುಗಳಿಗೆ ಬಾಡಿಗೆ ಕಟ್ಟುತ್ತದೆ. ಉತ್ತರ ಕನ್ನಡದ ಹುಡುಗರು ಕೆಲಸ ಹುಡುಕಿ ಗೋವಾಕ್ಕೆ ಹೋಗುತ್ತಾರೆ. ಇದೆಲ್ಲ ನಿಜ. ಆದರೆ ಉದ್ಯೋಗದ ಭರವಸೆಯನ್ನು ಸರಕಿನ ಸ್ವಭಾವದೊಂದಿಗೆ ಇಟ್ಟು ನೋಡಬೇಕು. ಚೀಲದ ಸರಕು ಹಮಾಲರ ಬೆನ್ನ ಮೇಲೆ ಸಾಗುತ್ತದೆ. ಕಲ್ಲಿದ್ದಲನ್ನು ಕ್ರೇನಿನ ದೊಡ್ಡ ಬಾಯಿ ಎತ್ತಿ ಬೆಲ್ಟಿಗೆ ಸುರಿಯುತ್ತದೆ, ಬೆಲ್ಟು ರಾಶಿಗೆ ಒಯ್ಯುತ್ತದೆ, ರಾಶಿಯಿಂದ ಮತ್ತೊಂದು ಯಂತ್ರ ವ್ಯಾಗನ್ ತುಂಬುತ್ತದೆ. ಸರಕು ಲಕ್ಷಗಟ್ಟಲೆ ಟನ್, ಕೈಗಳು ಕೆಲವೇ. ಅವೂ ತರಬೇತಿ ಪಡೆದ ಕೈಗಳು.

ಮುಂದೆ ಗಮನಿಸಬೇಕಾದದ್ದು

ಎರಡು ದಾರಿ ಕಾಣುತ್ತವೆ. ಹುಬ್ಬಳ್ಳಿ–ಅಂಕೋಲಾ ಹಳಿ ಮೊದಲು ಬಂದರೆ, ವಿಜಯಪುರ–ಬಾಗಲಕೋಟೆ–ಗದಗ–ಹುಬ್ಬಳ್ಳಿ ಮಾರ್ಗಕ್ಕೆ ಕಡಲು ಸಿಗುತ್ತದೆ. ಕೂಡಗಿಯ ಕಲ್ಲಿದ್ದಲು ಬರುವ ಹಳಿಯಲ್ಲೇ ಸಿಮೆಂಟು ಇಳಿದು ಹೋಗಬಹುದು. ಅದಕ್ಕೆ ಯಲ್ಲಾಪುರದ ಕಾಡು ತೆರಬೇಕಾದ ಬೆಲೆ ದೊಡ್ಡದು, ಅದನ್ನು ಮುಚ್ಚಿಟ್ಟು ಮಾತಾಡುವಂತಿಲ್ಲ. ಹಳಿಗಿಂತ ಮೊದಲು ಬಂದರು ಬಂದರೆ ಭಾರವೆಲ್ಲ ಹೆದ್ದಾರಿ 52ರ ಮೇಲೆ ಮತ್ತು ಕ್ಯಾಸಲ್‌ರಾಕ್ ಘಟ್ಟದ ಮೇಲೆ ಬೀಳುತ್ತದೆ. ಆಗ ಲೋಂಡಾದಲ್ಲಿ ಬೆಳಗಾವಿಯ ಗಾಡಿಗಳು ಕಲ್ಲಿದ್ದಲಿನ ರೇಕಿಗೆ ದಾರಿ ಬಿಟ್ಟು ನಿಲ್ಲುವ ಹೊತ್ತು ಹೆಚ್ಚುತ್ತದೆ, ಜೋಡಿಹಳಿಯ ಒತ್ತಡ ಮತ್ತೆ ಖಾನಾಪುರ, ಜೋಯಿಡಾ ಕಾಡಿನ ಮೇಲೆ ಬರುತ್ತದೆ.

ನಮ್ಮ ಜನಪ್ರತಿನಿಧಿಗಳು ಕೇಣಿಯ ಹೆಸರು ಎತ್ತಿದಾಗ ಕೇಳಬೇಕಾದ ಪ್ರಶ್ನೆಗಳು ಚಿಕ್ಕವು. ಮೊದಲ ವರ್ಷ ದಿನಕ್ಕೆ ಎಷ್ಟು ಲಾರಿ, ಎಷ್ಟು ರೇಕು, ಯಾವ ಘಟ್ಟದಲ್ಲಿ? ಚೀಲದ ಸರಕಿಗೆ, ಕಂಟೇನರಿಗೆ ಬೇರೆ ಧಕ್ಕೆ ಇದೆಯೇ? ಕಾರವಾರದಲ್ಲಿ ಈಗಿರುವ 355 ಮೀಟರ್ ಧಕ್ಕೆಯ ಮುಂದೆ ಪ್ರತಿ ಮಳೆಗಾಲದ ನಂತರ ಹೂಳೆತ್ತಿ, ಎಂಟೂವರೆ ಮೀಟರ್ ಆಳವನ್ನು ವರ್ಷವಿಡೀ ಉಳಿಸಿಕೊಳ್ಳಲು ಎಷ್ಟು ಹಣ ಬೇಕು? ಬೆಳಗಾವಿಯ ಕಾಕಂಬಿ ಟ್ಯಾಂಕರ್ ಇವತ್ತು ಹೋಗಿ ನಿಲ್ಲುವುದು ಆ ಧಕ್ಕೆಯಲ್ಲಿ.